ಮುಂದಿನ ಸೊನ್ನೆಗೆ ಬೆಲೆಯಿದೆಯೇ?

ಮಕ್ಕಳೇ, 10 ಮತ್ತು 010, ಎರಡರಲ್ಲಿ ಯಾವುದು ದೊಡ್ಡದು? “ಎರಡೂ ಒಂದೇ, ಮುಂದಿನ ಸೊನ್ನೆಗೆ ಬೆಲೆಯಿಲ್ಲ” ಅಂತೀರಿ. ಗಣಿತದ ಪರೀಕ್ಷೆಯಲ್ಲಿ ಪೂರ್ತಿ ಅಂಕ! ಆದರೆ ಅಂತರ್ಜಾಲದ ವಿಳಾಸದಲ್ಲಿ ಆ ಸೊನ್ನೆಗೆ ಬೆಲೆಯುಂಟು.

ಕಂಪ್ಯೂಟರುಗಳಿಗೂ ಮನೆ ನಂಬರಿನಂತೆ ಐಪಿ ವಿಳಾಸವಿರುತ್ತದೆ. ಇಂದಿಗೂ ಬಳಕೆಯಲ್ಲಿರುವ ಹಳೆಯ ಬಗೆಯಲ್ಲಿ ನಾಲ್ಕು ಸಂಖ್ಯೆಗಳು, ಒಂದೊಂದೂ 0ಯಿಂದ 255ರವರೆಗೆ. 127.0.0.1 ಎಂದರೆ ಕಂಪ್ಯೂಟರು ತನ್ನನ್ನೇ ಕರೆದುಕೊಳ್ಳುವ ವಿಳಾಸ. ಇದನ್ನೇ 2130706433 ಎಂದೂ ಬರೆಯಬಹುದು. 127ನ್ನು 256ರಿಂದ ಮೂರು ಸಲ ಗುಣಿಸಿ 1 ಕೂಡಿಸಿ, ತಾಳೆ ನೋಡಿ. 127.1 ಎಂಬ ಮೋಟು ರೂಪವೂ ಇದೆ. ಮುಂದೆ ಸೊನ್ನೆಯಿದ್ದರೆ ಹಳೆಯ ಯೂನಿಕ್ಸ್ ರೂಢಿಯಂತೆ ಅದು ಎಂಟರ ಎಣಿಕೆ. ಅಲ್ಲಿ ಬಿಡಿ, ಹತ್ತು, ನೂರು ಇಲ್ಲ. 1, 8, 64ರ ಸ್ಥಾನಗಳು. ಹಾಗಾಗಿ 0177 ಎಂದರೆ 64+56+7, ಅಂದರೆ 127!

ಈ ರೂಪಗಳನ್ನೆಲ್ಲ ತಂತ್ರಾಂಶ ಒಪ್ಪಬೇಕೆ? ಹಳೆಯ ಪ್ರೋಗ್ರಾಮುಗಳು ನಿಂತುಹೋಗಬಾರದು ಎನ್ನುವವರ ಮಾತಿನಲ್ಲೂ ಹುರುಳಿದೆ. ಆದರೆ ಯೋಚಿಸಿ. ಬಾಗಿಲು ಕಾಯುವ ತಂತ್ರಾಂಶ 0177.0.0.1 ಅನ್ನು 177.0.0.1 ಎಂದು ಓದಿ, “ಇದು ಹೊರಗಿನ ವಿಳಾಸ, ಹೋಗಲಿ” ಎನ್ನುತ್ತದೆ. ಒಳಗಿನ ತಂತ್ರಾಂಶ ಅದನ್ನೇ 127.0.0.1 ಎಂದು ಓದಿ ಮನೆಯ ಒಳಕೋಣೆಯ ಬಾಗಿಲು ತೆರೆಯುತ್ತದೆ. ಕಳ್ಳನಿಗೆ ಅಷ್ಟೇ ಸಾಕು. 2021ರಲ್ಲಿ ಪೈಥಾನ್ ಭಾಷೆಯ ವಿಳಾಸ ಓದುವ ಭಾಗದಲ್ಲಿ ಇಂಥದೇ ದೋಷ ಸಿಕ್ಕಿತು. 3.9.5ನೇ ಆವೃತ್ತಿಯಿಂದ ಅದು ಮುಂದೆ ಸೊನ್ನೆಯಿಟ್ಟ ವಿಳಾಸವನ್ನು ಒಪ್ಪುವುದೇ ಇಲ್ಲ.

ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುತ್ತೇವೆ. ಎರಡೂ ಬೇರೆಯಾದರೆ ಅಕ್ಷರದಲ್ಲಿರುವುದೇ ಮೊತ್ತ ಎನ್ನುತ್ತದೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ. ಆದರೂ ಕೌಂಟರಿನಲ್ಲಿ ನಾವು ಅಂಥ ಚೆಕ್ಕನ್ನು ವಾಪಸು ಕೊಟ್ಟು, “ಸರಿಯಾಗಿ ಬರೆದು ತನ್ನಿ” ಎನ್ನುತ್ತಿದ್ದೆವು. ಗಿರಾಕಿಗೆ ಸಿಟ್ಟು ಬರುತ್ತಿತ್ತು, ಹಣ ಮಾತ್ರ ಭದ್ರವಾಗಿರುತ್ತಿತ್ತು.

ಹೊಸ ತಂತ್ರಾಂಶವೂ ವಿಚಿತ್ರ ರೂಪಗಳನ್ನು ಹಾಗೆಯೇ ವಾಪಸು ಕಳಿಸಲಿ ಎನ್ನುವುದು ನನ್ನ ಅಭಿಪ್ರಾಯ. ಹಳೆಯದನ್ನು ಒಪ್ಪಲೇಬೇಕಾದ ಕಡೆ, ಮೊದಲು ಮಾಮೂಲಿ ನಾಲ್ಕು ಸಂಖ್ಯೆಗಳಿಗೆ ತಿರುಗಿಸಿ, ಆಮೇಲೆ ತಪಾಸಣೆ ಮಾಡಲಿ. ಬ್ರೌಸರುಗಳು ಈಗಾಗಲೇ ಹಾಗೆ ತಿರುಗಿಸಿ ತೋರಿಸುತ್ತವೆ.

ಅಜ್ಜ ಅಜ್ಜಿಯರೇ, ಮೊಬೈಲಿಗೆ ಬಂದ ಲಿಂಕಿನಲ್ಲಿ ಹೆಸರಿಲ್ಲದೆ ಬರೀ ಅಂಕಿಗಳಿದ್ದರೆ ಒತ್ತಬೇಡಿ, ಮೊಮ್ಮಕ್ಕಳಿಗೆ ತೋರಿಸಿ. ಮಕ್ಕಳೇ, ಎಂಟರ ಎಣಿಕೆಯಲ್ಲಿ 012 ಎಂದರೆ 10. ಹೇಗೆಂದು ಇವತ್ತು ಅಜ್ಜನಿಗೆ ನೀವು ಪಾಠ ಹೇಳಿ!