ಪೆಡಲ್ ಒತ್ತುವವಳಿಗೂ ಗೊತ್ತಿರಲಿ

‘ಒಂದೀಟು ಗಾಡ್ಯಾಗ ಬಂದು ಕೂಡು. ಒತ್ತು ಅಂದಾಗ ಒತ್ತು, ಬಿಡು ಅಂದಾಗ ಬಿಡು. ಅಷ್ಟೇ ಕೆಲಸ.’

ಭಾನುವಾರ ಬೆಳಿಗ್ಗೆ ಒಲೆಯ ಮೇಲೆ ಬೇಳೆ ಕುದಿಯುತ್ತಿರುವಾಗ ಯಜಮಾನರು ಅಂಗಳದಿಂದ ಹೀಗೆ ಕೂಗಿದರೆ ಏನರ್ಥ ಗೊತ್ತಾ? ಮನೆಯ ಪಿಕಪ್‌ಗೆ ಬ್ರೇಕ್ ಆಯಿಲ್ ಬದಲಿಸುವ ಮುಹೂರ್ತ ಕೂಡಿ ಬಂದಿದೆ ಅಂತ! ಮೊದಲ ಸಲ ಕರೆದಾಗ ನಾನೂ ಗ್ಯಾಸ್ ಆರಿಸಿ, ಸೆರಗು ಸಿಕ್ಕಿಸಿಕೊಂಡು ಹೋಗಿ ಡ್ರೈವರ್ ಸೀಟಿನಲ್ಲಿ ಕೂತೆ. ಯಾಕೆ ಒತ್ತಬೇಕು, ಯಾಕೆ ಬಿಡಬಾರದು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಎರಡು ತಾಸು ಒದ್ದಾಡಿದರೂ ಬ್ರೇಕ್ ಮೆತ್ತಗೇ ಉಳಿಯಿತು. ತಪ್ಪು ನನ್ನ ಕಾಲಿನದು ಅಂತ ಆಮೇಲೆ ತಿಳಿಯಿತು.

ನಮ್ಮದು ಬಸವಕಲ್ಯಾಣದಲ್ಲಿ ಸಿಮೆಂಟು, ಪೈಪು, ತಾಡಪತ್ರಿ ಮಾರುವ ಅಂಗಡಿ. ಹುಮನಾಬಾದ್ ನನ್ನ ತವರು. ವಾರಕ್ಕೆ ಎರಡು ಮೂರು ಸಲವಾದರೂ ಗಾಡಿ ಈ ಎರಡು ಊರ ನಡುವೆ ಓಡಾಡುತ್ತದೆ. ಕಾಳಿನ ಚೀಲ, ಸಿಮೆಂಟು, ಒಮ್ಮೊಮ್ಮೆ ಮದುವೆ ಮನೆಯ ಪಾತ್ರೆ, ಏನು ಹೇರಿದರೂ ಹೊತ್ತುಕೊಂಡು ಹೋಗುತ್ತದೆ. ಡೀಸೆಲ್ ಹಾಕಿದರೆ ಆಯಿತು ಅಂತ ನಾವೆಲ್ಲ ತಿಳಿದಿದ್ದೆವು.

ಕೆಲವು ವರ್ಷದ ಹಿಂದೆ ಒಂದು ಮಳೆಗಾಲದ ಸಂಜೆ ನನ್ನ ಮೈದುನ ಹುಮನಾಬಾದಿನಿಂದ ಸಿಮೆಂಟು ಹೇರಿಕೊಂಡು ಬರುತ್ತಿದ್ದ. ರಾಜೇಶ್ವರ ದಾಟುವಾಗಲೇ ಸುಟ್ಟ ವಾಸನೆ ಬಂತಂತೆ. ಮುಂದಿನ ಲಾರಿಯದಿರಬೇಕು ಅಂದುಕೊಂಡ. ಹೈದರಾಬಾದ್–ಪುಣೆ ಹೆದ್ದಾರಿ ಬಿಟ್ಟು ನಮ್ಮೂರ ಕಡೆ ಹೊರಳುವ ಸಸ್ತಾಪುರ ಬಂಗ್ಲಾ ಹತ್ತಿರ ಮುಂದಿದ್ದ ಟ್ರ್ಯಾಕ್ಟರ್ ನಿಂತಿತು. ಇವನು ಬ್ರೇಕ್ ತುಳಿದರೆ ಪೆಡಲ್ ಕೆಸರಲ್ಲಿ ಕಾಲಿಟ್ಟ ಹಾಗೆ ತಳಕ್ಕೆ ಹೋಯಿತು! ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಪಕ್ಕದ ಮಣ್ಣಿನ ಗುಡ್ಡೆಗೆ ಗಾಡಿ ನುಗ್ಗಿಸಿ ನಿಲ್ಲಿಸಿದ. ಆ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಕಳೆ ತೆಗೆದು ಮನೆಗೆ ಹೊರಟ ಹೆಣ್ಣುಮಕ್ಕಳು ಕೂತಿದ್ದರು.

ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2022ರ ನವೆಂಬರಿನಲ್ಲಿ ಚಿಟಗುಪ್ಪಾ ತಾಲ್ಲೂಕಿನ ಬೇಮಳಖೇಡಾ ಹತ್ತಿರ ಆಟೊ–ಲಾರಿ ಡಿಕ್ಕಿಯಲ್ಲಿ ಕೂಲಿ ಮುಗಿಸಿ ಮನೆಗೆ ಹೊರಟಿದ್ದ ಏಳು ಮಂದಿ ಹೆಣ್ಣುಮಕ್ಕಳು ಹೋದರು. ಅದಕ್ಕೂ ಬ್ರೇಕ್ ಆಯಿಲ್‌ಗೂ ನಂಟು ಹಚ್ಚಲು ನಾನು ಹೊರಟಿಲ್ಲ. ಸಂಜೆ ಹೊತ್ತು ನಮ್ಮ ರಸ್ತೆಗಳಲ್ಲಿ, ನಮ್ಮ ಗಾಡಿಯ ಮುಂದೆ ಕೂತು ಹೋಗುತ್ತಿರುವವರು ಯಾರು ಅಂತ ನೆನಪಿಸಿದೆ, ಅಷ್ಟೆ.

ಈಗ ತಮಾಷೆ ಕೇಳಿ. ಒಂದು ತಾಸು ಬಿಟ್ಟು ಯಜಮಾನರು ಹೋಗಿ ತುಳಿದು ನೋಡಿದರೆ ಪೆಡಲ್ ಗಟ್ಟಿ! ‘ಬ್ರೇಕ್ ಬರೋಬ್ಬರಿ ಅದಾವಲ್ಲೋ, ಮೊಬೈಲ್ ನೋಡ್ಕೋತ ಹೊಡದಿರಬೇಕು’ ಅಂತ ಮನೆ ಮಂದಿಯೆಲ್ಲ ಹುಡುಗನ ಮೇಲೆ ಹರಿಹಾಯ್ದರು. ಮರುದಿನ ಆಟೋನಗರದ ಮಿಸ್ತ್ರಿ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ತಿಳಿ ಜೇನಿನ ಬಣ್ಣ ಇರಬೇಕಾದಲ್ಲಿ ಕಾಫಿ ಡಿಕಾಕ್ಷನ್! ‘ಇದು ಎಷ್ಟು ವರ್ಷದ್ದರೀ?’ ಅಂದ. ಗಾಡಿ ತಂದಾಗಿನಿಂದ ಕಡಿಮೆಯಾದಾಗೆಲ್ಲ ಮೇಲೆ ಸುರಿದಿದ್ದೇ ಹೊರತು ಹಳೆಯದನ್ನು ತೆಗೆದದ್ದೇ ಇಲ್ಲ. ಮುಂದಿನ ಒಂದು ಚಕ್ರದ ಬ್ರೇಕ್ ಒಳಗೆ ತುಕ್ಕು ಹಿಡಿದು, ಬಿಟ್ಟರೂ ಬಿಡದೆ ಕಚ್ಚಿಕೊಂಡೇ ಓಡುತ್ತಿತ್ತಂತೆ. ಸುಟ್ಟ ವಾಸನೆ ಅದರದೇ. ಮೈದುನನಿಗೆ ಆವತ್ತು ಯಾರೂ ‘ತಪ್ಪಾಯ್ತಪ್ಪಾ’ ಅನ್ನಲಿಲ್ಲ ಬಿಡಿ.

ಆಗಿದ್ದು ಏನು? ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ತೆರೆದಿಟ್ಟರೆ ಉಪ್ಪು ನೀರು ಒಡೆಯುತ್ತದಲ್ಲ, ಬ್ರೇಕ್ ಆಯಿಲ್ ಗುಣವೂ ಅದೇ. ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮುಚ್ಚಳ ಬಿಗಿಯಾಗಿದ್ದರೂ ರಬ್ಬರ್ ಪೈಪಿನ ಮೂಲಕ ವರ್ಷಾನುಗಟ್ಟಲೆ ತೇವ ಸೇರುತ್ತಲೇ ಇರುತ್ತದೆ. ಹೊಸ ‘ಡಾಟ್ 3’ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು, ‘ಡಾಟ್ 4’ಕ್ಕೆ 230. ಅದರಲ್ಲಿ ನೂರಕ್ಕೆ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ, 155ಕ್ಕೆ ಇಳಿಯುತ್ತದೆ. ಭಾರ ಹೊತ್ತ ಗಾಡಿಯ ಬ್ರೇಕ್, ಅದರಲ್ಲೂ ಕಚ್ಚಿಕೊಂಡ ಬ್ರೇಕ್, ಅಷ್ಟು ಕಾಯುವುದು ದೊಡ್ಡ ಮಾತಲ್ಲ. ಆಯಿಲ್ ಕುದ್ದರೆ ಪೈಪಿನೊಳಗೆ ಆವಿ ಗುಳ್ಳೆ. ತುಂಬಿದ ಹಾಲಿನ ಪಾಕೀಟನ್ನು ಅಂಗೈಯಲ್ಲಿ ಒತ್ತಿ ನೋಡಿ, ಗಟ್ಟಿ. ಗಾಳಿ ತುಂಬಿದ ಚಿಪ್ಸ್ ಪಾಕೀಟು ಒತ್ತಿ, ತಗ್ಗುತ್ತದೆ. ನಮ್ಮ ಕಾಲಿನ ಬಲ ಚಕ್ರಕ್ಕೆ ಮುಟ್ಟುವುದು ಆ ಆಯಿಲ್ ತಗ್ಗದೆ ಇದ್ದರೆ ಮಾತ್ರ. ಆರಿದ ಮೇಲೆ ಆವಿ ಮತ್ತೆ ನೀರಾಗಿ ಪೆಡಲ್ ಗಟ್ಟಿಯಾಗುತ್ತದೆ. ಅದಕ್ಕೇ ಮೈದುನನ ಮಾತು ಸುಳ್ಳಾಗಿ ಕಂಡಿದ್ದು!

ಅದಕ್ಕೆ ನಾನು ಹೇಳುವುದು, ಮೇಲೆ ಸುರಿಯುವುದು ಬದಲಿಸಿದಂತಲ್ಲ. ಹಳಸಿದ ಸಾರಿಗೆ ಹೊಸ ಸಾರು ಬೆರೆಸಿದರೆ ಪಾತ್ರೆಯೆಲ್ಲ ಹಳಸುತ್ತದೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಪೂರ್ತಿ ತೆಗೆದು ಹೊಸದು ತುಂಬಬೇಕು. ಗಾಡಿಯ ಪುಸ್ತಕದಲ್ಲಿ ಬೇರೆ ಅವಧಿ ಬರೆದಿದ್ದರೆ ಅದೇ ಸರಿ. ಪಿಕಪ್ ಇಲ್ಲದವರು ಪುಟ ತಿರುಗಿಸಬೇಡಿ, ನಿಮ್ಮ ಕಾರಿನಲ್ಲಿರುವುದೂ ಇದೇ ಆಯಿಲ್.

ಇದನ್ನು ಮನೆಯಲ್ಲಿ ಮಾಡಬಹುದೇ? ನನ್ನ ಅಭಿಪ್ರಾಯದಲ್ಲಿ ಮಾಡಬಹುದು. ಆದರೆ ಒಮ್ಮೆ ಮಿಸ್ತ್ರಿ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿರಬೇಕು. ಎಬಿಎಸ್ ಇರುವ ಗಾಡಿಯಾದರೆ ಪುಸ್ತಕ ನೋಡದೆ ಕೈ ಹಾಕಬೇಡಿ, ಕೆಲವಕ್ಕೆ ಕಂಪ್ಯೂಟರ್ ಜೋಡಿಸಿಯೇ ಗಾಳಿ ತೆಗೆಯಬೇಕು. ಎಲ್ಲಾದರೂ ಸೋರುತ್ತಿದ್ದರೆ, ಡಬ್ಬಿಯಲ್ಲಿ ಮೇಲಿಂದ ಮೇಲೆ ಕಡಿಮೆಯಾಗುತ್ತಿದ್ದರೆ, ಅದು ಮನೆಯ ಕೆಲಸವಲ್ಲ. ಸೀದಾ ಗ್ಯಾರೇಜು. ನಮ್ಮೂರಿಗಂತೂ ಆಟೋನಗರ ಹತ್ತಿರವೇ ಇದೆ.

ಇನ್ನು ಆ ‘ಅಷ್ಟೇ ಕೆಲಸ’ದ ವಿಷಯ. ಗಾಡಿ ಸಮತಟ್ಟಾದ ಜಾಗದಲ್ಲಿರಬೇಕು, ಎಂಜಿನ್ ಬಂದ್, ಚಕ್ರಕ್ಕೆ ಕಲ್ಲು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಜಮಾನರು ನುಸುಳಲು ಹೋದರೆ ಹೊರಗೆಳೆಯಿರಿ, ಸ್ಟ್ಯಾಂಡ್ ಇಲ್ಲದೆ ಬೇಡವೇ ಬೇಡ. ಪಿಕಪ್ ಎತ್ತರ ಇರುವುದರಿಂದ ಹಿಂದಿನ ಚಕ್ರಕ್ಕೆ ನಮ್ಮ ಮನೆಯಲ್ಲಿ ಜಾಕ್ ಹಚ್ಚುವುದೇ ಇಲ್ಲ. ಅದರಲ್ಲೊಂದು ಸೂಕ್ಷ್ಮ ಇದೆ: ಭಾರ ನೋಡಿ ಬ್ರೇಕ್ ಹಂಚುವ ವಾಲ್ವ್ ಇರುವ ಗಾಡಿಯ ಹಿಂಬದಿಯನ್ನು ಎತ್ತಿ ತೂಗುಬಿಟ್ಟರೆ ಹಿಂದಕ್ಕೆ ಆಯಿಲ್ ಸರಿಯಾಗಿ ಹರಿಯುವುದಿಲ್ಲ.

ಮೊದಲು ಡಬ್ಬಿಯಲ್ಲಿರುವ ಹಳೆಯ ಆಯಿಲ್ ಅನ್ನು ಸಿರಿಂಜಿನಿಂದ ಎಳೆದು ಹೊಸದು ತುಂಬುತ್ತಾರೆ. ಆಮೇಲೆ ಡಬ್ಬಿಗೆ ಅತಿ ದೂರದ ಚಕ್ರದಿಂದ ಶುರು. ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಚಕ್ರದ ಹಿಂದಿರುವ ನಿಪ್ಪಲ್‌ಗೆ ಸಣ್ಣ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಹೊಸ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿಡುತ್ತಾರೆ. (ನಮ್ಮ ಅತ್ತೆ ಇದನ್ನು ನೋಡಿ, ‘ಏನವಾ, ಗಾಡಿಗೂ ಸಲಾಯಿನ್ ಹಚ್ಚೀರೇನು?’ ಅಂದಿದ್ದರು.)

ಈಗ ನಮ್ಮ ಪಾಳಿ. ಮೆಲ್ಲಗೆ ಒತ್ತಿ ಹಿಡಿದು ‘ಹಿಡದೀನಿ’ ಅಂತ ಕೂಗಬೇಕು. ಆಗ ಅವರು ಪಾನಾದಿಂದ ನಿಪ್ಪಲ್ ಸ್ವಲ್ಪ ಸಡಿಲ ಮಾಡುತ್ತಾರೆ. ಪೆಡಲ್ ತಾನಾಗಿ ಕೆಳಗಿಳಿಯುತ್ತದೆ, ಪೈಪಿನಲ್ಲಿ ಕರಿ ಆಯಿಲ್ ಹೊರಬರುತ್ತದೆ. ಇಲ್ಲೇ ಎಚ್ಚರ ಬೇಕಾದ್ದು! ಪೆಡಲ್ ಇಳಿಯಿತು ಅಂತ ಕಾಲು ಎತ್ತಬಾರದು. ಅವರು ನಿಪ್ಪಲ್ ಬಿಗಿದು ‘ಬಿಡು’ ಅನ್ನುವವರೆಗೂ ಹಿಡಿದೇ ಇರಬೇಕು. ಮೊದಲೇ ಬಿಟ್ಟರೆ ಹೊರಬಂದದ್ದು ವಾಪಸ್ ಒಳಗೆ, ಜತೆಗೆ ಗಾಳಿಯೂ ಒಳಗೆ. ಮೊದಲ ಸಲ ನಾನು ಮಾಡಿದ್ದು ಇದನ್ನೇ. ಕುಕ್ಕರ್ ಸೀಟಿ ಹೊಡೆಯಿತು ಅಂತ ಕಾಲು ತೆಗೆದಿದ್ದೆ. ಇನ್ನೊಂದು ಮಾತು, ಹಳೆಯ ಗಾಡಿಯಲ್ಲಿ ಪೆಡಲನ್ನು ತಳ ಮುಟ್ಟ ತುಳಿದರೆ ಒಳಗಿನ ರಬ್ಬರ್ ವಾಶರ್ ಎಂದೂ ಹೋಗದ ಜಾಗಕ್ಕೆ ಹೋಗಿ ಹರಿಯಬಹುದು. ಪೆಡಲ್ ಕೆಳಗೆ ಒಂದು ಕಟ್ಟಿಗೆ ತುಂಡು ಇಟ್ಟುಕೊಳ್ಳಿ.

ನಾಲ್ಕೈದು ಸಲ ಒತ್ತಿದಂತೆಲ್ಲ ಡಬ್ಬಿಯಲ್ಲಿ ಇಳಿಯುವ ಮಟ್ಟವನ್ನು ನೋಡಿ ಹೊಸದು ಸುರಿಯುತ್ತಲೇ ಇರಬೇಕು. ಖಾಲಿಯಾಯಿತೋ, ಮೊದಲಿನಿಂದ ಶುರು! ನಮ್ಮಲ್ಲಿ ಈ ಉಸ್ತುವಾರಿ ಎಂಟನೇ ಕ್ಲಾಸಿನ ಮಗನದು. ತಿಳಿ ಬಣ್ಣದ ಆಯಿಲ್ ಗುಳ್ಳೆಯಿಲ್ಲದೆ ಬಂದರೆ ಆ ಚಕ್ರ ಮುಗಿಯಿತು. ಅವರು ಹಿಂದೆ, ನಾನು ಮುಂದೆ, ಮುಖ ಕಾಣುವುದಿಲ್ಲ, ಹಾಗಾಗಿ ಕೂಗಾಟ ಜೋರೇ. ‘ಬಿಡು! ಬಿಡಬ್ಯಾಡ! ಬಿಡು ಅಂದ್ನಲ್ಲ!’ ಕೇಳಿ ಪಕ್ಕದ ಮನೆಯಾಕೆ ಕಾಂಪೌಂಡ್ ಮೇಲಿಂದ ಇಣುಕಿ ‘ವೈನಿ, ಏನಾಗ್ಯಾದ?’ ಅಂತ ಕೇಳಿದ್ದೂ ಉಂಟು. ಕೊನೆಗೆ ಪೆಡಲ್ ಗಟ್ಟಿ ಇದೆಯೇ, ನಿಪ್ಪಲ್‌ಗಳು ಒಣಗಿವೆಯೇ ಅಂತ ನೋಡಿ, ಖಾಲಿ ಬಯಲಿನಲ್ಲಿ ನಡಿಗೆಯ ವೇಗದಲ್ಲಿ ಓಡಿಸಿ ನಿಲ್ಲಿಸಿ ಪರೀಕ್ಷೆ ಮಾಡಬೇಕು. ಅಲ್ಲಿಯವರೆಗೆ ರಸ್ತೆಗೆ ಇಳಿಸಬೇಡಿ.

ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ, ನೋಡಿ. ‘ಆಯಿಲ್’ ಅಂತ ಕರೆದರೂ ಇದು ಎಣ್ಣೆಯಲ್ಲ. ಮನೆಯಲ್ಲಿ ಎಂಜಿನ್ ಆಯಿಲ್ ಉಳಿದಿದೆ ಅಂತ ಇದಕ್ಕೆ ಸುರಿದರೆ ಒಳಗಿನ ರಬ್ಬರೆಲ್ಲ ನೆನೆಹಾಕಿದ ಕಡಲೆಯಂತೆ ಉಬ್ಬಿ, ಒಂದೊಂದನ್ನೂ ಬದಲಿಸಬೇಕಾಗುತ್ತದೆ. ಡಬ್ಬಿಯ ಮುಚ್ಚಳದ ಮೇಲೆ ಯಾವ ‘ಡಾಟ್’ ಬರೆದಿದೆಯೋ ಅದನ್ನೇ ತನ್ನಿ. ‘ಡಾಟ್ 5’ ಅನ್ನುವುದು ಸಿಲಿಕೋನ್, ಇದಕ್ಕೆ ಬೆರೆಸುವಂತಿಲ್ಲ. ಕಳೆದ ಸಲ ಉಳಿದ ಅರ್ಧ ಡಬ್ಬಿಯನ್ನೂ ಬಳಸಬೇಡಿ, ಅದಾಗಲೇ ತೇವ ಕುಡಿದಿರುತ್ತದೆ. ಹೊಸ ಡಬ್ಬಿಗೆ ಕೆಲವು ನೂರು ರೂಪಾಯಿ. ಮನೆ ಮಂದಿಯೆಲ್ಲ ಒಂದು ಹೊತ್ತು ಹೋಟೆಲಿನಲ್ಲಿ ಉಂಡರೆ ಅದಕ್ಕಿಂತ ಹೆಚ್ಚಾಗುತ್ತದೆ. ಗ್ಯಾರೇಜಿನಲ್ಲಿ ಮಾಡಿಸಿದರೂ ಸೀಲ್ ಒಡೆಯುವುದು ನಿಮ್ಮ ಕಣ್ಣೆದುರೇ ಆಗಲಿ.

‘ಹೆಣ್ಮಕ್ಕಳಿಗೆ ಇದೆಲ್ಲಾ ಯಾಕೆ’ ಅಂತ ನಮ್ಮ ಚಿಕ್ಕಮಾವ ಕೇಳಿದ್ದರು. ಗ್ಯಾಸ್ ಸಿಲಿಂಡರ್ ಹಚ್ಚಿದ ತಾರೀಖು, 5 ವರ್ಷಕ್ಕೊಮ್ಮೆ ಬದಲಿಸಬೇಕಾದ ಗ್ಯಾಸ್ ಪೈಪಿನ ಲೆಕ್ಕ, ಮಕ್ಕಳ ಲಸಿಕೆ, ಎಲ್ಲ ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಇರುತ್ತದಲ್ಲವೇ? ಗಂಡಸರು ಖಂಡೇಪೂಜೆ ದಿನ ಗಾಡಿ ತೊಳೆದು, ಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ಬಾನೆಟ್ ಎತ್ತಿ ಆ ಪುಟ್ಟ ಡಬ್ಬಿಯ ಕಡೆ ನೋಡುವವರು ಎಷ್ಟು ಜನ? ನಮ್ಮ ಮನೆಯಲ್ಲಿ ಈಗ ಒಂದು ವರ್ಷ ಬಿಟ್ಟು ಒಂದು ವರ್ಷ ಖಂಡೇಪೂಜೆಗೆ ಮುಂಚಿನ ಭಾನುವಾರ ಈ ಕೆಲಸ. ತಾರೀಖು ಬರೆಯುವವಳು ನಾನು.

ಕಡೆಯದಾಗಿ ಮಕ್ಕಳಿರುವ ಮನೆಯವರಿಗೆ ಒಂದು ಮಾತು. ತೆಗೆದ ಹಳೆಯ ಆಯಿಲ್ ವಿಷ. ಅದನ್ನು ನೀರಿನ ಬಾಟಲಿಯಲ್ಲಿ ತುಂಬಿಟ್ಟರೆ ನೋಡಲು ಥೇಟ್ ಶರಬತ್ತು. ಬಾಟಲಿಯ ಮೇಲೆ ದಪ್ಪ ಅಕ್ಷರದಲ್ಲಿ ‘ವಿಷ’ ಅಂತ ಬರೆದು, ಮುಚ್ಚಳ ಬಿಗಿದು, ಆ ದಿನವೇ ಗ್ಯಾರೇಜಿಗೆ ಕಳಿಸಿ. ಬ್ರೇಕ್ ಆಯಿಲ್ ಅಂತ ಹೇಳಿಯೇ ಕೊಡಿ, ಎಂಜಿನ್ ಆಯಿಲ್ ಜತೆ ಸೇರಿಸುವುದು ಬೇಡ. ಮೋರಿಗಂತೂ ಸುರಿಯಬೇಡಿ. ಗಾಡಿಯ ಮೈಮೇಲೆ ಹನಿ ಬಿದ್ದರೆ ಬಣ್ಣ ಕಿತ್ತು ಬರುತ್ತದೆ, ತಕ್ಷಣ ನೀರು ಹಾಕಿ ತೊಳೆಯಿರಿ. ಮತ್ತೆ, ಅಡುಗೆಮನೆಯ ಲಾಳಿಕೆ ಕೇಳಿಕೊಂಡು ಬಂದರೆ ಕೊಡಬೇಡಿ. ನಾನು ಒಮ್ಮೆ ಕೊಟ್ಟು, ಅದನ್ನು ಎಸೆದು ಹೊಸದು ತಂದೆ.