ಪಟ್ಟಣವೋ ಹಳ್ಳಿಯೋ: ವರ್ಗವಾಗಿ ಬರುವ ಉಪಾಧ್ಯಾಯರ ಮುಂದಿರುವ ಪ್ರಶ್ನೆ

ವರ್ಗಾವಣೆಯ ಕಾಲ ಬಂತೆಂದರೆ ಉಪಾಧ್ಯಾಯರು ಕಲೆತಲ್ಲೆಲ್ಲ ಒಂದೇ ಮಾತು ಕೇಳಿಬರುವುದು. ಯಾವ ಶಾಲೆಯಲ್ಲಿ ಸ್ಥಳ ಖಾಲಿ ಇದೆ? ಅಲ್ಲಿಂದ ಮೈಸೂರಿಗೆ ಎಷ್ಟು ದೂರ? ಬಸ್ಸು ಎಷ್ಟು ಹೊತ್ತಿಗೆ? ಬೇರೆ ಜಿಲ್ಲೆಯಿಂದ ಮೈಸೂರು ಜಿಲ್ಲೆಗೆ ಬರಲು ಇಚ್ಛಿಸುವವರ ಎದುರಿಗೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳ ಶಾಲೆಗಳ ಪಟ್ಟಿಯು ಬಂದು ನಿಲ್ಲುವುದು. ಕೌನ್ಸೆಲಿಂಗಿನ ದಿವಸ ಕೆಲವೇ ನಿಮಿಷಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಆ ಕೆಲವು ನಿಮಿಷಗಳ ತೀರ್ಮಾನವು ಒಂದು ಸಂಸಾರದ ಹಲವು ವರ್ಷಗಳನ್ನೂ ಒಂದು ಊರಿನ ಮಕ್ಕಳ ವಿದ್ಯೆಯನ್ನೂ ನಿರ್ಧರಿಸತಕ್ಕದ್ದಾಗಿರುವುದರಿಂದ ಇದನ್ನು ಉಪಾಧ್ಯಾಯರ ಖಾಸಗಿ ವಿಷಯವೆಂದು ಬಿಟ್ಟುಬಿಡಲು ನಮಗೆ ಮನಸ್ಸು ಬಾರದು.

ಹಳ್ಳಿಯನ್ನು ಆರಿಸಿಕೊಂಡವನು ತ್ಯಾಗಿ, ಪಟ್ಟಣವನ್ನು ಆರಿಸಿಕೊಂಡವನು ಸ್ವಾರ್ಥಿ ಎಂದು ಉಪದೇಶ ಮಾಡುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆ ಉಪದೇಶದಲ್ಲಿ ನಮಗೆ ನಂಬಿಕೆಯಿಲ್ಲ. ಹಳ್ಳಿಯ ಕೆಲಸವನ್ನು ಕಠಿಣಗೊಳಿಸುವುದು ಹಳ್ಳಿಯಲ್ಲ. ಅಲ್ಲಿ ಒಂಟಿಯಾಗಿ ಇರಬೇಕಾಗುವುದು, ಇರಲು ಮನೆಯಿಲ್ಲದಿರುವುದು, ಎಂದಿಗೆ ಬಿಡುಗಡೆಯೆಂಬುದು ತಿಳಿಯದಿರುವುದು, ಈ ಮೂರು. ಈ ಮೂರನ್ನೂ ಸರಿಪಡಿಸುವುದು ಸರ್ಕಾರದ ಕೈಯಲ್ಲಿದೆ. ಸರಿಪಡಿಸದೆ ಉಪಾಧ್ಯಾಯರ ಧರ್ಮಬುದ್ಧಿಯನ್ನು ಪರೀಕ್ಷಿಸುತ್ತ ಕುಳಿತುಕೊಳ್ಳುವುದು ನ್ಯಾಯವಲ್ಲ.

ಮೊದಲು ಕಾನೂನಿನ ಸ್ಥಿತಿಯನ್ನು ನೋಡೋಣ. ಉಪಾಧ್ಯಾಯರ ವರ್ಗಾವಣೆಯನ್ನು ಪುಢಾರಿಗಳ ಶಿಫಾರಸಿನಿಂದ ಬಿಡಿಸಿ ಒಂದು ನಿಯಮಕ್ಕೆ ಒಳಪಡಿಸಬೇಕೆಂದು ಕರ್ನಾಟಕದಲ್ಲಿ 2007ರಲ್ಲಿ ಒಂದು ಅಧಿನಿಯಮವಾಯಿತು. ಅದರ ಸ್ಥಾನದಲ್ಲಿ 2020ರಲ್ಲಿ ಹೊಸದು ಬಂತು. ಇವುಗಳ ಪ್ರಕಾರ ಶಾಲೆಗಳಿರುವ ಸ್ಥಳಗಳು ಎ, ಬಿ, ಸಿ ಎಂದು ಮೂರು ವಲಯಗಳಾಗಿವೆ. ನಗರ ಪಟ್ಟಣಗಳಿಗೆ ಸೇರಿದ್ದು ಮೊದಲನೆಯದು. ದೂರದ ಹಳ್ಳಿಗಾಡೆಲ್ಲ ಕೊನೆಯದು. ಸಿ ವಲಯದಲ್ಲಿ ದುಡಿದ ವರ್ಷಗಳಿಗೆ ಹೆಚ್ಚು ಅಂಕ. ಅಂಕ ಹೆಚ್ಚಿದ್ದವರಿಗೆ ಮುಂದಿನ ಸಲ ಆಯ್ಕೆಯಲ್ಲಿ ಮುಂದಿನ ಸಾಲು. ಮೂಲ ಉದ್ದೇಶ ಸಾಧುವಾದದ್ದೇ. ಇದು ಬರುವುದಕ್ಕೆ ಮುಂಚೆ ನಡೆಯುತ್ತಿದ್ದ ಪರದಾಟವನ್ನು ಕಂಡ ಯಾರೂ ಇದನ್ನು ಹಳಿಯಲಾರರು.

ಆದರೆ ಒಂದು ಅಕ್ಷರದೊಳಗೆ ಎಷ್ಟು ಬಗೆಯ ಊರುಗಳು ಅಡಗಿವೆ ಎಂಬುದನ್ನು ನಮ್ಮ ವಾಚಕರು ಯೋಚಿಸಬೇಕು. ಕೃಷ್ಣರಾಜನಗರವೆಂದರೆ ಕಾವೇರಿಯ ಪ್ರವಾಹಕ್ಕೆ ಸಿಕ್ಕಿ ನೊಂದ ಎಡತೊರೆಯ ಬದಲಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಕಟ್ಟಿದ ಪಟ್ಟಣ. ಮೈಸೂರಿನಿಂದ ಹಾಸನದ ಕಡೆಗೆ ಹೋಗುವ ರೈಲು ಅಲ್ಲಿ ನಿಲ್ಲುವುದು. ಸುತ್ತಲೂ ನಾಲೆಯ ನೀರಿನ ಬತ್ತದ ಬಯಲು. ಹುಣಸೂರು ಲಕ್ಷ್ಮಣತೀರ್ಥದ ದಡದ ಊರು. ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯು ಅದರ ಮೂಲಕವೇ ಹಾಯುವುದು. ಅದೇ ದಾರಿಯಲ್ಲಿ ಮುಂದೆ ಪಿರಿಯಾಪಟ್ಟಣ. ಅದಕ್ಕೆ ಸೇರಿದ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟಿನ ನಿರಾಶ್ರಿತರು ನೆಲೆಸಿದ್ದಾರೆ. ಹೆಗ್ಗಡದೇವನಕೋಟೆಯ ಮಾತೇ ಬೇರೆ. ಒಂದು ಕಡೆ 1974ರಲ್ಲಿ ಮುಗಿದ ಕಬಿನಿಯ ಜಲಾಶಯ, ಇನ್ನೊಂದು ಕಡೆ ನಾಗರಹೊಳೆಯ ಅರಣ್ಯ, ನಡುವೆ ಜೇನುಕುರುಬರು, ಕಾಡುಕುರುಬರು, ಯರವರು, ಸೋಲಿಗರು ವಾಸಿಸುವ ಹಾಡಿಗಳು. ಕೇರಳದ ಗಡಿಯ ಡಿ. ಬಿ. ಕುಪ್ಪೆಗೆ ಹೋಗುವ ಮಾನಂದವಾಡಿ ರಸ್ತೆಯಲ್ಲಿ ಕಾಡಿನ ಭಾಗದಲ್ಲಿ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಕತ್ತಲಾದ ಮೇಲೆ ಅಲ್ಲಿ ಕಾಯಿಲೆ ಬಿದ್ದವರ ಪಾಡು ಹೇಗೆಂಬುದನ್ನು ವಿವರಿಸಬೇಕಾಗಿಲ್ಲ.

ನಾಲೆಯ ಬಯಲಿನಲ್ಲಿ ಗಳಿಗೆಗೊಂದು ಬಸ್ಸು ಬರುವ ದೊಡ್ಡ ಗ್ರಾಮವೂ ಹಳ್ಳಿ; ಕಾಡಿನಂಚಿನ ಹಾಡಿಯೂ ಹಳ್ಳಿ. ಎರಡಕ್ಕೂ ಒಂದೇ ಅಕ್ಷರ, ಒಂದೇ ಅಂಕ. ಮೊದಲನೆಯದರಲ್ಲಿ ಕೆಲಸ, ಮೈಸೂರಿನಲ್ಲಿ ವಾಸ ಎಂದು ಏರ್ಪಾಡು ಮಾಡಿಕೊಂಡವರೂ, ಎರಡನೆಯದರಲ್ಲಿ ಸಂಸಾರ ಸಮೇತ ನೆಲೆನಿಂತವರೂ ಸರ್ಕಾರದ ಲೆಕ್ಕದಲ್ಲಿ ಸಮಾನರು. ಹೀಗಿರುವಾಗ ಬುದ್ಧಿವಂತನಾದವನು ಏನು ಮಾಡುವನು? ಸಿ ವಲಯದೊಳಗೇ ಹೆದ್ದಾರಿಗೆ ಹತ್ತಿರವಾದ ಶಾಲೆಯನ್ನು ಹುಡುಕುವನು. ಹಾಡಿಯ ಶಾಲೆಯು ಪಟ್ಟಿಯಲ್ಲಿ ಕೊನೆಯವರೆಗೂ ಉಳಿದು, ಆಯ್ಕೆಗೆ ಬೇರೆ ಗತಿಯಿಲ್ಲದವರ ಪಾಲಿಗೆ ಬರುವುದು. ದೋಷ ಅವನದಲ್ಲ, ಅಳತೆಗೋಲಿನದು.

ಇನ್ನೊಂದು ವಿಚಿತ್ರವಿದೆ. ವರ್ಗಾವಣೆಯ ನಿಯಮವು ಹಳ್ಳಿಯಲ್ಲಿದ್ದವರಿಗೆ ಅಂಕ ಕೊಡುವುದು. ಸಂಬಳದ ನಿಯಮವು ಪಟ್ಟಣದಲ್ಲಿದ್ದವರಿಗೆ ಹಣ ಕೊಡುವುದು. ಮನೆ ಬಾಡಿಗೆಯ ಭತ್ಯವು ಊರಿನ ಜನಸಂಖ್ಯೆಯನ್ನು ಅನುಸರಿಸಿ ನಿಗದಿಯಾಗುವುದರಿಂದ ದೊಡ್ಡ ನಗರದವರಿಗೆ ಹೆಚ್ಚು, ಹಳ್ಳಿಯವರಿಗೆ ಎಲ್ಲಕ್ಕಿಂತ ಕಡಿಮೆ. ಹಳ್ಳಿಯಲ್ಲಿ ಬಾಡಿಗೆ ಅಗ್ಗವೆಂಬುದು ಇದಕ್ಕೆ ಕೊಡುವ ಸಮಾಧಾನ. ಆದರೆ ಕೊಡಲು ಮನೆಯೇ ಇಲ್ಲದ ಊರಿನಲ್ಲಿ ಬಾಡಿಗೆ ಅಗ್ಗವಾಗಿದ್ದು ಫಲವೇನು? ಪಟ್ಟಣದಲ್ಲಿ ಮನೆ ಮಾಡಿ, ದಿನಂಪ್ರತಿ ಬಸ್ಸಿಗೂ ಮೋಟಾರು ಬೈಸಿಕಲ್ಲಿಗೂ ದುಡ್ಡು ಸುರಿಯುವವನಿಗೆ ಹಳ್ಳಿಯ ಭತ್ಯವು ಯಾವ ಮೂಲೆಗೂ ಸಾಲದು. ಸ್ವಂತ ಕೋರಿಕೆಯ ಮೇಲೆ ಜಿಲ್ಲೆ ಬದಲಿಸಿದವರಾದರೋ ಹೊಸ ಜಿಲ್ಲೆಯ ಜ್ಯೇಷ್ಠತೆಯ ಪಟ್ಟಿಯಲ್ಲಿ ಕೆಳಗಿಳಿದು ಬಂದವರು. ಒಂದು ನಷ್ಟವನ್ನು ಹೊತ್ತುಕೊಂಡೇ ಬಂದವರಿಗೆ ಎರಡನೆಯದನ್ನೂ ಹೊರಿಸಿದರೆ ಅವರು ಪಟ್ಟಣದ ಕಡೆ ನೋಡುವುದರಲ್ಲಿ ಆಶ್ಚರ್ಯವೇನು?

ಪಟ್ಟಣದ ಪಕ್ಷವನ್ನೂ ನಾವು ಹೇಳಲೇಬೇಕು. ಉಪಾಧ್ಯಾಯನಿಗೂ ಮಕ್ಕಳಿದ್ದಾರೆ, ಅವರಿಗೆ ಹೈಸ್ಕೂಲು ಕಾಲೇಜು ಬೇಕು. ವೃದ್ಧರಾದ ತಂದೆತಾಯಿಗಳಿಗೆ ಆಸ್ಪತ್ರೆ ಬೇಕು. ಹೆಂಡತಿಯೋ ಗಂಡನೋ ಬೇರೊಂದು ಉದ್ಯೋಗದಲ್ಲಿರಬಹುದು. ಪಟ್ಟಣದ ಸರ್ಕಾರಿ ಶಾಲೆಯಲ್ಲಿ ಕೆಲಸವಿಲ್ಲವೆಂದು ತಿಳಿಯುವುದೂ ತಪ್ಪು. ಅನುಕೂಲಸ್ಥರು ತಮ್ಮ ಮಕ್ಕಳನ್ನು ಖಾಸಗಿ ಇಂಗ್ಲಿಷ್ ಶಾಲೆಗಳಿಗೆ ಕಳುಹಿಸಿದ ಮೇಲೆ ಅಲ್ಲಿ ಉಳಿದಿರುವವರು ಕೂಲಿಕಾರರ, ವಲಸೆ ಬಂದವರ ಮಕ್ಕಳು. ಅವರಿಗೂ ಒಳ್ಳೆಯ ಉಪಾಧ್ಯಾಯರ ಅಗತ್ಯ ಅಷ್ಟೇ ಇದೆ. ಆದ್ದರಿಂದ ಪಟ್ಟಣವನ್ನು ಆರಿಸಿಕೊಳ್ಳುವವರನ್ನು ನಾವು ದೂರುವುದಿಲ್ಲ. ಅಲ್ಲಿಯೂ ದುಡಿಯಬೇಕೆಂದು ಮಾತ್ರ ಹೇಳುತ್ತೇವೆ.

ಆದರೆ ಹಳ್ಳಿಯ ಶಾಲೆಗೆ ಬೇಕಾದ ಒಂದು ಗುಣವನ್ನು ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗುವವರಿಂದ ನಿರೀಕ್ಷಿಸಲಾಗದು. ಅದು ಊರಿನ ಕಾಲಮಾನದ ತಿಳಿವಳಿಕೆ. ಹುಣಸೂರು ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬೆಳೆ. ಸೊಪ್ಪು ಮುರಿದು, ಬ್ಯಾರನ್ನಿಗೆ ಏರಿಸಿ, ಬೆಂಕಿ ಹಾಕಿ ಹದಮಾಡುವ ದಿನಗಳಲ್ಲಿ ಮನೆಮಂದಿಯೆಲ್ಲ ಕೆಲಸಕ್ಕೆ ನಿಲ್ಲುವರು; ಮಕ್ಕಳ ಕೈಯೂ ಅದರಲ್ಲಿ ಸಿಕ್ಕಿಕೊಳ್ಳುವುದು. ಕೊಡಗಿನಲ್ಲಿ ಕಾಫಿ ಕೊಯ್ಲು ಪ್ರಾರಂಭವಾದರೆ ಹಾಡಿಯ ಸಂಸಾರಗಳು ಮಕ್ಕಳನ್ನು ಕರೆದುಕೊಂಡು ತೋಟಗಳ ಲೈನುಗಳಿಗೆ ಹೋಗುವುವು, ತರಗತಿಗಳು ಬರಿದಾಗುವುವು. ಜೇನುಕುರುಬರ ಮಗು ಶಾಲೆಗೆ ಬರುವಾಗ ತನ್ನದೇ ಮಾತನ್ನು ತರುವುದು. ಪಠ್ಯಪುಸ್ತಕದ ಕನ್ನಡವು ಅದಕ್ಕೆ ಅರ್ಧ ಪರಭಾಷೆ. ಯಾವ ಮಗು ಏಕೆ ಬರಲಿಲ್ಲ, ಯಾವ ಮನೆಯವರು ಯಾವಾಗ ಹಿಂತಿರುಗುವರು ಎಂಬುದನ್ನು ಹಾಜರಿ ಪುಸ್ತಕವು ಹೇಳಲಾರದು; ಸಂಜೆ ಊರಬಾಗಿಲಿನಲ್ಲಿ ಕುಳಿತವನು ಮಾತ್ರ ಹೇಳಬಲ್ಲನು. ಊರಿಗೆ ಬಂದವಳು ನೀರಿಗೆ ಬಾರಳೇ ಎಂಬ ಗಾದೆಯಿದೆ. ಊರಿನಲ್ಲಿ ವಾಸಿಸುವ ಉಪಾಧ್ಯಾಯನಿಗೆ ಇದೆಲ್ಲವೂ ತಾನಾಗಿಯೇ ತಿಳಿದುಬರುವುದು.

ಹಳ್ಳಿಗೆ ಹೋದವರ ವಿದ್ಯೆ ಮೊಂಡಾಗುವುದು, ಇಲಾಖೆಯ ಕಣ್ಣಿಗೆ ಅವರು ಬೀಳುವುದಿಲ್ಲ ಎಂಬ ಭಯವೂ ಅನೇಕರಲ್ಲಿದೆ. ಇದಕ್ಕೆ ನಮ್ಮ ಜಿಲ್ಲೆಯೇ ಉತ್ತರ ಕೊಟ್ಟಿದೆ. ಮಕ್ಕಳು ಆಟದ ಮೂಲಕ, ತಮ್ಮ ತಮ್ಮ ವೇಗಕ್ಕೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ನಲಿಕಲಿ ಪದ್ಧತಿಯು ಪ್ರಾರಂಭವಾದದ್ದು ಬೆಂಗಳೂರಿನ ಕಛೇರಿಯಲ್ಲಲ್ಲ, ಹೆಗ್ಗಡದೇವನಕೋಟೆಯಲ್ಲಿ. 1995ರಲ್ಲಿ ಯುನಿಸೆಫ್ ನೆರವಿನಿಂದ, ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳ ಕ್ರಮವನ್ನು ನೋಡಿಬಂದ ಈ ತಾಲ್ಲೂಕಿನ ಸರ್ಕಾರಿ ಉಪಾಧ್ಯಾಯರೇ ಅದನ್ನು ತಮ್ಮ ಮಕ್ಕಳಿಗೆ ಹೊಂದುವಂತೆ ರೂಪಿಸಿದರು. ಒಬ್ಬನೇ ಉಪಾಧ್ಯಾಯನು ಹಲವು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕಾದ, ಮಕ್ಕಳು ನಡುನಡುವೆ ತಪ್ಪಿಸಿಕೊಂಡು ಮತ್ತೆ ಬರುವ ಶಾಲೆಗಳಿಗೆ ಅದು ತಕ್ಕ ಉಪಾಯವಾಗಿತ್ತು. ಮುಂದೆ 2009ರ ಸುಮಾರಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹರಡಿತು. ಹಿಂದುಳಿದದ್ದೆಂದು ಹೆಸರಾದ ತಾಲ್ಲೂಕು ರಾಜ್ಯಕ್ಕೆ ಪಾಠ ಹೇಳಿಕೊಟ್ಟಿತು. 1984ರಲ್ಲಿ ಸ್ಥಾಪಿತವಾದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯವರು ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಹಾಡಿಯ ಮಕ್ಕಳಿಗಾಗಿ ಶಾಲೆ ನಡೆಸಿದ್ದನ್ನೂ ಇಲ್ಲಿ ಸ್ಮರಿಸಬೇಕು. ನೆಲೆನಿಂತ ಕೆಲಸಕ್ಕೆ ಫಲವುಂಟೆಂಬುದಕ್ಕೆ ಇವು ಸಾಕ್ಷಿ.

ಹಾಗಾದರೆ ಬಲವಂತವಾಗಿ ಎಲ್ಲರನ್ನೂ ಹಳ್ಳಿಗೆ ಕಳುಹಿಸಿದರಾಯಿತಲ್ಲ ಎನ್ನುವವರಿಗೆ 2019ರ ಅನುಭವವನ್ನು ಜ್ಞಾಪಿಸುತ್ತೇವೆ. ಪಟ್ಟಣಗಳಲ್ಲಿ ಬಹುಕಾಲ ಇದ್ದವರನ್ನು ಆ ವರ್ಷ ಕಡ್ಡಾಯ ವರ್ಗಾವಣೆಯೆಂಬ ಹೆಸರಿನಿಂದ ದೂರದ ಊರುಗಳಿಗೆ ಕಳುಹಿಸಲಾಯಿತು. ಅದರಿಂದೆದ್ದ ಕೂಗು ರಾಜ್ಯದಲ್ಲೆಲ್ಲ ಕೇಳಿಸಿತು. 2020ರ ಅಧಿನಿಯಮದಲ್ಲಿ ಆ ನೊಂದವರಿಗೆ ಆದ್ಯತೆ ಕೊಡಬೇಕಾಗಿ ಬಂತು. ಶಿಕ್ಷೆಯೆಂದು ತಿಳಿದು ಹಳ್ಳಿಗೆ ಬಂದವನು ಹಳ್ಳಿಯನ್ನು ಶಿಕ್ಷೆಯೆಂದೇ ಕಾಣುವನು. ಅವನ ಮುಖವನ್ನು ದಿನವೂ ನೋಡುವ ಮಕ್ಕಳಿಗೂ ಅದು ತಿಳಿಯದೆ ಇರದು.

ಸರ್ಕಾರವು ಮಾಡಬೇಕಾದದ್ದು ನಾಲ್ಕು. ಮೊದಲನೆಯದಾಗಿ, ಸಿ ವಲಯವನ್ನು ಒಡೆದು, ದೂರವನ್ನು ಮಾತ್ರವಲ್ಲದೆ ಬಸ್ಸು, ಆಸ್ಪತ್ರೆ, ಕಾಡಿನ ಸಾಮೀಪ್ಯ ಇವುಗಳನ್ನೂ ಅಳೆದು, ನಿಜವಾಗಿ ಕಷ್ಟವಾದ ಶಾಲೆಗಳಿಗೆ ಬೇರೆ ದರ್ಜೆಯನ್ನೂ ಹೆಚ್ಚು ಅಂಕವನ್ನೂ ಹೆಚ್ಚು ಭತ್ಯವನ್ನೂ ಕೊಡಬೇಕು. ಎರಡನೆಯದಾಗಿ, ಅಂಥ ಶಾಲೆಗಳ ಬಳಿ ಉಪಾಧ್ಯಾಯರಿಗೆ ಮನೆಗಳನ್ನು ಕಟ್ಟಿಸಬೇಕು. ಸ್ತ್ರೀ ಉಪಾಧ್ಯಾಯರ ವಿಷಯದಲ್ಲಂತೂ ಇದು ದಯೆಯ ಮಾತಲ್ಲ, ರಕ್ಷಣೆಯ ಮಾತು. ಮೂರನೆಯದಾಗಿ, ಒಬ್ಬರನ್ನೇ ಕಳುಹಿಸಬಾರದು. ಮಕ್ಕಳ ಕಡ್ಡಾಯ ಶಿಕ್ಷಣದ 2009ರ ಅಧಿನಿಯಮವು ಕಿರಿಯ ಪ್ರಾಥಮಿಕ ಶಾಲೆಗೆ ಅರವತ್ತು ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರಿರಬೇಕೆಂದು ವಿಧಿಸಿದೆ. ಒಂದು ಶಾಲೆಗೆ ನೇಮಕವಾದವರನ್ನು ಬೇರೆ ಶಾಲೆಗೋ ಕಛೇರಿಗೋ ಕೆಲಸಕ್ಕೆ ಎಳೆಯಬಾರದೆಂದೂ ವಿಧಿಸಿದೆ. ನಿಯೋಜನೆಯೆಂಬ ಹಿಂದಿನ ಬಾಗಿಲನ್ನು ಮುಚ್ಚಿದರೆ ಕಾಗದದ ಮೇಲಿರುವ ಇಬ್ಬರು ಶಾಲೆಯಲ್ಲಿಯೂ ಇಬ್ಬರಾಗಿರುವರು. ನಾಲ್ಕನೆಯದಾಗಿ, ಇಷ್ಟು ವರ್ಷವೆಂದು ಗೊತ್ತುಮಾಡಿ, ಅದು ತೀರಿದ ದಿವಸ ಕೇಳಿದ ಸ್ಥಳಕ್ಕೆ ಕಳುಹಿಸುವ ಮಾತನ್ನು ತಪ್ಪದೆ ನಡೆಸಬೇಕು. ಹೊರಬರುವ ಬಾಗಿಲು ತೆರೆದಿದೆಯೆಂದು ನಂಬಿದವನು ಒಳಗೆ ನೆಮ್ಮದಿಯಿಂದ ಕೂರುವನು.

ಇದಕ್ಕೆ ಹಣವೆಲ್ಲಿ ಎಂದು ಅಧಿಕಾರಿಗಳು ಕೇಳಬಹುದು. ಮೈಸೂರು ಸಂಸ್ಥಾನವು 1913ರಲ್ಲಿ, ಈಗಿನ ವರಮಾನದ ಲೇಶವೂ ಇಲ್ಲದಿದ್ದ ಕಾಲದಲ್ಲಿ, ಪ್ರಾಥಮಿಕ ಶಿಕ್ಷಣದ ಶಾಸನವನ್ನು ಮಾಡಿ ಕಡ್ಡಾಯ ವಿದ್ಯೆಯ ಕಡೆಗೆ ಹೆಜ್ಜೆಯಿಟ್ಟಿತು. ಆಗ ಇದ್ದದ್ದು ಹಣಕ್ಕಿಂತ ಹೆಚ್ಚಾಗಿ ಸಂಕಲ್ಪ. ಎಲ್ಲ ಹಳ್ಳಿಗಳಿಗೂ ಒಂದೇ ಸಲ ಮನೆ ಕಟ್ಟಿಸಿರೆಂದು ನಾವು ಹೇಳುವುದಿಲ್ಲ. ಕಾಡಿನಂಚಿನ ಶಾಲೆಗಳಿಂದ ಪ್ರಾರಂಭವಾಗಲಿ.

ಕೊನೆಯದಾಗಿ, ಈ ವರ್ಷ ಪಟ್ಟಿಯ ಮುಂದೆ ನಿಲ್ಲುವ ಉಪಾಧ್ಯಾಯರಿಗೆ ಒಂದೆರಡು ಮಾತು. ಊರಿನ ಹೆಸರನ್ನೂ ಮೈಸೂರಿನ ದೂರವನ್ನೂ ಮಾತ್ರ ನೋಡಬೇಡಿರಿ. ಆಯ್ಕೆಗೆ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಆ ಶಾಲೆಗೆ ಹೋಗಿಬನ್ನಿ. ಎಷ್ಟು ಮಕ್ಕಳು, ಜೊತೆಗೆ ಎಷ್ಟು ಮಂದಿ ಉಪಾಧ್ಯಾಯರು, ಇರಲು ಮನೆ ಸಿಕ್ಕುವುದೇ, ಮಳೆಗಾಲದಲ್ಲಿ ದಾರಿ ಹೇಗೆ ಎಂಬುದನ್ನು ಊರವರಿಂದಲೇ ಕೇಳಿರಿ. ಸಂಸಾರದ ಸ್ಥಿತಿ ಪಟ್ಟಣವನ್ನು ಬಯಸುವುದಾದರೆ ಸಂಕೋಚವಿಲ್ಲದೆ ಪಟ್ಟಣವನ್ನೇ ಆರಿಸಿಕೊಳ್ಳಿರಿ. ಹಳ್ಳಿಯನ್ನು ಆರಿಸಿಕೊಳ್ಳುವುದಾದರೆ ಅಂಕಕ್ಕಾಗಿ ಆರಿಸಿಕೊಳ್ಳದೆ, ವಾಸಕ್ಕಾಗಿ ಆರಿಸಿಕೊಳ್ಳಿರಿ. ಊರಿನಲ್ಲಿ ದೀಪ ಹಚ್ಚುವ ಮೇಷ್ಟರ ಮಾತಿಗೆ ಹಳ್ಳಿಯವರು ಕೊಡುವ ಬೆಲೆಯನ್ನು ಸಂಜೆಯ ಬಸ್ಸಿಗೆ ಓಡುವವರಿಗೆ ಕೊಡರು. ಸರ್ಕಾರವು ತನ್ನ ಪಾಲನ್ನು ಮಾಡಿದರೆ ಹೀಗೆ ನೆಲೆನಿಲ್ಲುವವರ ಸಂಖ್ಯೆ ಹೆಚ್ಚುವುದೆಂಬುದರಲ್ಲಿ ನಮಗೆ ಸಂದೇಹವಿಲ್ಲ.