ವಕೀಲಿಗೆ ಎರಡು ದಾರಿ

ಇಂಗ್ಲೆಂಡಿನಲ್ಲಿ ಕೂಲಿಯ ತಕರಾರಿರಲಿ, ಮನೆ ಬಾಡಿಗೆಯ ತಕರಾರಿರಲಿ, ವಕೀಲರ ನೆರವು ಬೇಕಾದವನು ಸಾಮಾನ್ಯವಾಗಿ ಮೊದಲು ಹೋಗುವುದು ಸಾಲಿಸಿಟರರ ಬಳಿಗೆ. ಆ ಕುರ್ಚಿಯಲ್ಲಿ ಯಾರ ಮಕ್ಕಳು ಕೂಡುತ್ತಾರೆಂಬುದು ಆದ್ದರಿಂದ ಶ್ರಮಜೀವಿಗಳ ಪ್ರಶ್ನೆಯೂ ಹೌದು.

ಹಿಂದಿನ ಕಾಲದಲ್ಲಿ ಹಿರಿಯ ಸಾಲಿಸಿಟರರಿಗೆ ಹಣ ತೆತ್ತು ಅವರ ಕೈಕೆಳಗೆ ವರ್ಷಗಟ್ಟಲೆ ದುಡಿಯಬೇಕಿತ್ತು. 2021ರಲ್ಲಿ ಎಲ್ಲರಿಗೂ ಒಂದೇ ಪರೀಕ್ಷೆ ಬಂದಿತು. ಅದರ ಜೊತೆಗೆ ಬೇಕಾದ ಎರಡು ವರ್ಷಗಳ ಅನುಭವವನ್ನು ನಾಲ್ಕು ಕಡೆಗಳವರೆಗೆ ದುಡಿದು ಪಡೆಯಬಹುದು. ಇದು ಒಳ್ಳೆಯದೇ. ಆದರೆ ಆಗಲೇ ಪರೀಕ್ಷೆಯ ಶುಲ್ಕ 3,980 ಪೌಂಡು. ಪದವಿಯ ಖರ್ಚು, ಪಾಠದ ಖರ್ಚು ಬೇರೆ. ಸಾಲವಿಲ್ಲದೆ ಕೂಲಿಕಾರರ ಮಕ್ಕಳು ಈ ದಾರಿ ಹಿಡಿಯುವುದು ಹೇಗೆ?

ಇನ್ನೊಂದು ದಾರಿ ಅಪ್ರೆಂಟಿಸ್ ಆಗುವುದು. ಶಾಲೆ ಮುಗಿಸಿದವರು ಸುಮಾರು ಆರು ವರ್ಷ ಸಂಬಳ ಪಡೆಯುತ್ತ ಕಲಿತು ಅದೇ ಪರೀಕ್ಷೆಗೆ ಕೂಡುತ್ತಾರೆ. ಶುಲ್ಕದ ಹೊರೆ ಅವರ ಮೇಲಿಲ್ಲ. ದುಡಿಯುತ್ತ ಕಲಿಯುವ ಈ ದಾರಿಯೇ ಮೇಲೆಂದು ನಾವು ಹೇಳುತ್ತೇವೆ.

ಆದರೆ 2026ರ ಜನವರಿಯಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, 22 ತುಂಬಿದ ಮೇಲೆ ಹೊಸದಾಗಿ ಸೇರುವವರಿಗೆ ಅಲ್ಲಿಯ ಸರಕಾರ ಹಣ ನಿಲ್ಲಿಸಿತು. ಹೊಟ್ಟೆಪಾಡಿಗೆ ಮೊದಲು ಕೆಲಸಕ್ಕೆ ಸೇರಿ, ಮೂವತ್ತರಲ್ಲಿ ಓದುವ ಆಸೆ ಹೊತ್ತವರ ಗತಿಯೇನು? ದುಡ್ಡಿದ್ದವರಿಗೆ ಯಾವ ವಯಸ್ಸಾದರೂ ಸರಿ, ದುಡಿಯುವವರಿಗೆ ಮಾತ್ರ ಗಡುವು. ಇದನ್ನು ನಾವು ನ್ಯಾಯವೆಂದು ಒಪ್ಪಲಾರೆವು.